ಡೆಲ್ಮರನ ಓಟು

ಮದುವೆಯಾಗಿ ನಲವತ್ತು ವರ್ಷ ದಾಟಿದ್ದರೂ ಡೆಲ್ಮರ್ ಸ್ಕೋಗನ್ ತಾನು ಯಾರಿಗೆ ಓಟು ಹಾಕಿದೆನೆಂದು ಹೆಂಡತಿ ಆರ್ಡಿಸ್‌ಗೆ ಒಂದು ಸಲವೂ ಹೇಳಿದವನಲ್ಲ. ಬೇರೆ ಯಾವ ಗುಟ್ಟೂ ಅವನ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕ್ರಿಸ್‌ಮಸ್ಸಿಗೆ ಅವಳಿಗೆಂದು ತಂದಿಟ್ಟದ್ದನ್ನು ಹಬ್ಬಕ್ಕೆ ಮೊದಲೇ ಬಾಯಿಬಿಟ್ಟುಬಿಡುವ ಮನುಷ್ಯ. ಚಳಿಗಾಲವಿಡೀ ಕೌಂಟಿಯ, ಅಂದರೆ ಅವರ ಜಿಲ್ಲೆಯ, ರಸ್ತೆಗಳಲ್ಲಿ ಹಿಮ ಸರಿಸುವ ಲಾರಿ ಓಡಿಸುತ್ತಿದ್ದವನಿಗೆ ಬೆಳಗಿನ ಜಾವ ಯಾರ ಮನೆ ಮುಂದೆ ಯಾರ ಕಾರು ನಿಂತಿತ್ತೆಂಬುದೆಲ್ಲ ಗೊತ್ತಾಗುತ್ತಿತ್ತು. ಬ್ರಶ್ ಕ್ರೀಕ್ ಊರಿನ ಆ ಸುದ್ದಿಯನ್ನೆಲ್ಲ ತಿಂಡಿಯ ಹೊತ್ತಿಗೆ ಹೆಂಡತಿಗೆ ಒಪ್ಪಿಸುತ್ತಿದ್ದ. ಓಟಿನ ಮಾತು ಬಂದರೆ ಮಾತ್ರ ತುಟಿಗೆ ಬೀಗ.

ಚುನಾವಣೆಯ ಮಂಗಳವಾರ ಇಬ್ಬರೂ ಒಂದೇ ಪಿಕಪ್ಪಿನಲ್ಲಿ ಊರಿನ ಸಭಾಭವನಕ್ಕೆ ಹೋಗುತ್ತಿದ್ದರು. ವಾಪಸು ಬರುವಾಗ ಆರ್ಡಿಸ್ ಶುರು ಮಾಡುತ್ತಿದ್ದಳು.

"ಯಾರಿಗೆ ಹಾಕ್ದೆ?"

"ಒಳ್ಳೆಯವರಿಗೆ."

"ನಮ್ಮ ಕಡೆಯವರಿಗಾ? ಅಷ್ಟಾದ್ರೂ ಹೇಳೋ ಮಾರಾಯ."

"ಹೋಗ್ತಾ ಪೈ ತಿಂದ್ಕೊಂಡು ಹೋಗೋಣ್ವಾ?"

ಅಲ್ಲಿಗೆ ಮುಗಿಯಿತು. ಅವಳಿಗೂ ಅದು ಒಂದು ಆಟದಂತಾಗಿತ್ತು. ಅದರ ಹಿಂದಿನ ಕಥೆಯನ್ನು ಮದುವೆಗೆ ಮೊದಲೇ ಅವನು ಹೇಳಿಕೊಂಡಿದ್ದ. ಅವನ ಅಪ್ಪ ಹೈನಿನ ಕಸುಬಿನವನು, ಜೋರಿನ ಮನುಷ್ಯ. ಚುನಾವಣೆಯ ದಿನ ಊಟದ ಮೇಜಿನ ಮುಂದೆ ಹೆಂಡತಿ, ಮಕ್ಕಳು ಎಲ್ಲರೂ ಯಾರಿಗೆ ಹಾಕಿದರೆಂದು ವರದಿ ಒಪ್ಪಿಸಬೇಕಿತ್ತು. ಡೆಲ್ಮರ್ ಮೊದಲ ಸಲ ಓಟು ಹಾಕಿದ ವರ್ಷ "ಹೇಳಲ್ಲ" ಅಂದುಬಿಟ್ಟ. ಅಪ್ಪ ಆ ಚಳಿಗಾಲ ಪೂರ್ತಿ ಕೊಟ್ಟಿಗೆಯಲ್ಲಿ ಪಕ್ಕದಲ್ಲೇ ಕೂತು ಹಾಲು ಕರೆದರೂ ಮಗನೊಡನೆ ಮಾತಾಡಲಿಲ್ಲ. "ಆ ಮನೇಲಿ ನಂದು ಅಂತ ನನಗೆ ಸಿಕ್ಕಿದ್ದು ಮೊದಲು ಅದೇ ಕಣೇ," ಎಂದಿದ್ದ ಡೆಲ್ಮರ್.

ಅವನು ನಿವೃತ್ತನಾದ ಕೆಲವೇ ವರ್ಷಗಳಲ್ಲಿ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಸತ್ವ ಕಳೆದುಕೊಂಡವು. ಮಾತು ಹೋಯಿತು. ಪೂರ್ತಿ ಹೋಗಲಿಲ್ಲ, ಉಳಿದ ಎರಡು ಮೂರು ಪದಗಳೂ ಕಲಸಿಕೊಂಡುಬಿಟ್ಟವು. ಹೌದು ಅನ್ನಬೇಕಾದಲ್ಲಿ ಇಲ್ಲ, ಬೇಡ ಅನ್ನಬೇಕಾದಲ್ಲಿ ಹೌದು. ತನ್ನ ಬಾಯಿಂದ ತಪ್ಪು ಪದ ಹೊರಟಿತೆಂದು ಅವನಿಗೇ ಗೊತ್ತಾಗಿ ಕಣ್ಣು ಕೆಂಪಗಾಗುತ್ತಿತ್ತು. ಯಾವ ಹೌದು ನಿಜವಾದ ಹೌದು ಎಂದು ಗೊತ್ತಿದ್ದದ್ದು ಆರ್ಡಿಸ್ ಒಬ್ಬಳಿಗೆ. ಅವನ ಎಡ ಹುಬ್ಬು ನೋಡಿದರೆ ಅವಳಿಗೆ ತಿಳಿಯುತ್ತಿತ್ತು.

ಮನೆಯ ಮೆಟ್ಟಿಲು, ಬಚ್ಚಲು ಅವನಿಗೆ ಆಗುವಂತಿರಲಿಲ್ಲ. ಊರಂಚಿನ ಕೌಂಟಿ ಹೋಮಿನಲ್ಲಿ ಅವನಿಗೊಂದು ಕೋಣೆ ಸಿಕ್ಕಿತು. ಕೌಂಟಿಯವರೇ ಕಟ್ಟಿ, ಕೌಂಟಿಯವರೇ ನಡೆಸುತ್ತಿದ್ದ ಹಳೆಯ ಇಟ್ಟಿಗೆಯ ಆರೈಕೆ ಮನೆ ಅದು. ಆರ್ಡಿಸ್ ದಿನಾ ಬೆಳಗ್ಗೆ ಹೋಗುವಳು. ಗಡ್ಡ ಹೆರೆಯುವಳು, ಗುಂಡಿ ಹಾಕುವಳು, ಸೂಪು ಕುಡಿಸುವಳು. ಆರೈಕೆಯವರು ಡೆಲ್ಮರನನ್ನು ಏನಾದರೂ ಕೇಳಿದರೆ ಅವನ ಬಾಯಿ ತೆರೆಯುವಷ್ಟರಲ್ಲಿ ಇವಳೇ ಉತ್ತರ ಕೊಟ್ಟಿರುತ್ತಿದ್ದಳು.

"ಅವನಿಗೆ ಬಟಾಣಿ ಆಗಲ್ಲ. ಕಿಟಕಿ ತೆಗೀರಿ, ಸೆಕೆ ಅಂತಿದ್ದಾನೆ."

ಪ್ರೀತಿ ಅದು, ಅವಳ ಮಟ್ಟಿಗೆ ಅದರಲ್ಲಿ ಬೇರೇನೂ ಇರಲಿಲ್ಲ.

ಮಾರ್ಚ್ ತಿಂಗಳಲ್ಲಿ ಒಂದು ದಿನ ಹೋಮಿನ ಅಡುಗೆಮನೆಯ ಬಾಗಿಲಲ್ಲಿ ಸುದ್ದಿ ಕಿವಿಗೆ ಬಿತ್ತು. ನಡೆಸಲು ತೆರಿಗೆಯ ಹಣ ಸಾಲದೆಂದು ಕೌಂಟಿ ಮಂಡಳಿಯವರು ಹೋಮನ್ನು ಮಾರುವ ಯೋಚನೆಯಲ್ಲಿದ್ದಾರೆ, ಎಲ್ಲೋ ದೂರದ ಕಂಪನಿಯೊಂದು ಕೇಳಿದೆ. ಕೊಂಡವರು ಮುಂದೆ ಏನು ಮಾಡುತ್ತಾರೋ ಯಾರು ಬಲ್ಲರು, ಮುಚ್ಚಿದರೆ ಇಲ್ಲಿರುವವರನ್ನು ಯಾವ ಪಟ್ಟಣಕ್ಕೆ ಸಾಗಿಸುತ್ತಾರೋ. ಆರ್ಡಿಸ್‌ಗೆ ಹೆದ್ದಾರಿಯಲ್ಲಿ ಕಾರು ಓಡಿಸುವ ಧೈರ್ಯವಿರಲಿಲ್ಲ. ಅಷ್ಟು ದೂರಕ್ಕೆ ಹೋದರೆ ಭಾನುವಾರಕ್ಕೊಮ್ಮೆ ಅವನ ಮುಖ ನೋಡಿದರೆ ಹೆಚ್ಚು.

ಅವಳು ಶಾಲೆಯ ಅಡುಗೆಮನೆಯಲ್ಲಿ ಜೀವನ ಸವೆಸಿದವಳು. ಸಭೆಯಲ್ಲಿ ಎದ್ದು ನಿಂತವಳಲ್ಲ, ಚರ್ಚಿನಲ್ಲೂ ಹಿಂದಿನ ಬೆಂಚೇ. ಆದರೂ ಆ ವಾರವೇ ಒಂದು ಮನವಿ ಬರೆಸಿಕೊಂಡು ಮನೆ ಮನೆ ಬಾಗಿಲು ತಟ್ಟತೊಡಗಿದಳು. ಬರಿಗೈಯಲ್ಲಿ ಹೋಗಲು ನಾಚಿಕೆಯಾಗಿ ಲೆಫ್ಸೆ ಮಾಡಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು, ಬೆಣ್ಣೆ ಸಕ್ಕರೆ ಸವರಿದ ತೆಳ್ಳಗಿನ ಆಲೂಗಡ್ಡೆ ರೊಟ್ಟಿ. ಕೆಲವರು ನಿಂತಲ್ಲೇ ರುಜು ಹಾಕಿದರು. ಕೆಲವರು ರೊಟ್ಟಿ ತಿಂದು ಯೋಚಿಸಿ ಹೇಳುತ್ತೇವೆಂದರು. ಹ್ಯಾರ್ಲಾನ್ ಬೇಕ್ ಎಂಬ ಒಂಟಿ ಮುದುಕ ಬಾಗಿಲನ್ನು ಅರ್ಧ ಮಾತ್ರ ತೆರೆದ.

"ತೆರಿಗೆ ಏರಿಸೋಕೆ ಬಂದ್ಯಾ, ಆರ್ಡಿಸ್?"

"ಹೋಮು ಉಳಿಸೋಕೆ ಬಂದಿದೀನಿ."

"ಎರಡೂ ಒಂದೇ. ನನ್ನ ಜೇಬಿಂದ ತಗೊಂಡು ನಿನ್ನ ಗಂಡನ್ನ ನೋಡ್ಕೊಬೇಕು, ಅಷ್ಟೇ ತಾನೆ?"

"ನಿನ್ನ ಓಣೀಲಿ ಹಿಮ ಎತ್ತಿದ್ದು ಯಾರು, ಅಷ್ಟು ವರ್ಷ?"

"ಅದಕ್ಕೆ ಸಂಬಳ ಇತ್ತಲ್ಲ ಅವನಿಗೆ!"

ಆರ್ಡಿಸ್ ರೊಟ್ಟಿಗೆ ಮತ್ತೆ ಬಟ್ಟೆ ಸುತ್ತಿಕೊಂಡಳು. ತಿರುಗಿ ಹೊರಟಳು. ಹಿಂದಿನಿಂದ ಹ್ಯಾರ್ಲಾನ್ ಕೂಗಿದ: "ರುಜು ಹಾಕಲ್ಲ. ಆ ರೊಟ್ಟಿ ಇಟ್ಟು ಹೋಗೋದಾದ್ರೆ ಇಟ್ಟು ಹೋಗು."

ಅವಳು ಇಟ್ಟು ಹೋಗಲಿಲ್ಲ.

ಜೂನಿನಲ್ಲಿ ಮಂಡಳಿಯ ಸಭೆ ಸೇರಿತು. ಹೊರಗಿನವರು ಯಾರು ಬೇಕಾದರೂ ಮಾತಾಡಬಹುದು, ತಲೆಗೆ ಮೂರು ನಿಮಿಷ. ಆರ್ಡಿಸ್ ಧ್ವನಿವರ್ಧಕದ ಮುಂದೆ ಹೋಗಿ ಹೆಸರು, ವಿಳಾಸ ಹೇಳಿದಳು. ರುಜು ಹಾಕಿದವರ ಹಾಳೆಗಳನ್ನು ಮೇಜಿನ ಮೇಲಿಟ್ಟಳು. "ನನ್ನ ಗಂಡ ಅಲ್ಲಿದ್ದಾನೆ," ಎಂದಳು. ಮುಂದಿನ ಮಾತು ಬರಲೇ ಇಲ್ಲ. ಮನೆಯಲ್ಲಿ ಪಾತ್ರೆ ತೊಳೆಯುತ್ತಾ ಉರು ಹೊಡೆದದ್ದೆಲ್ಲ ಮಾಯವಾಗಿತ್ತು. ಮಂಡಳಿಯವರು ಕಾದರು. ಅವಳು ಮೇಜಿನ ಅಂಚು ಹಿಡಿದು ನಿಂತೇ ಇದ್ದಳು. ಮೂರು ನಿಮಿಷ ಮುಗಿದ ಗಂಟೆ ಬಾರಿಸಿತು. ಬೆನ್ನ ಹಿಂದೆ ಯಾರೋ ಮೆಲ್ಲಗೆ ಕೆಮ್ಮಿದರು. ಅವಳು ಬಂದು ಕುರ್ಚಿಯಲ್ಲಿ ಕೂತಳು.

ಅನಂತರ ಎದ್ದವನು ಹ್ಯಾರ್ಲಾನ್. ಆರ್ಡಿಸ್ ಕಣ್ಣು ಮುಚ್ಚಿಕೊಂಡಳು.

"ನಾನು ಇವಳ ವಿರುದ್ಧ ಮಾತಾಡೋಕೆ ಬಂದೋನು," ಎಂದ ಅವನು. "ತೆರಿಗೆ ಏರಿಸಬಾರದು, ಅದೇ ನನ್ನ ಮಾತು. ಆದ್ರೆ ಒಂದು ಕೇಳ್ತೀನಿ. ಆ ಹೋಮು ಕಟ್ಟಿದ್ದು ನಮ್ಮಪ್ಪಂದಿರು. ಅದನ್ನ ಮಾರೋಕೆ ನೀವಿಷ್ಟು ಜನ ಸಾಕಾ? ನಮ್ಮನ್ನ ಕೇಳಬೇಕಾ ಬೇಡ್ವಾ? ಓಟಿಗೆ ಹಾಕಿ. ನಾನಂತೂ ತೆರಿಗೆ ಬೇಡ ಅಂತಲೇ ಹಾಕ್ತೀನಿ, ಇವಳು ಬೇಕು ಅಂತ ಹಾಕ್ತಾಳೆ. ಆದ್ರೆ ಕೇಳಿ ಮೊದಲು."

ಸಭೆಯಲ್ಲಿ ಚಪ್ಪಾಳೆ ಬಿತ್ತು. ಎರಡೂ ಕಡೆಯವರು ಹೊಡೆದರು. ಮಂಡಳಿಯವರು ಬಹಳ ಹೊತ್ತು ಜಗ್ಗಾಡಿ ಕೊನೆಗೆ ಒಪ್ಪಿದರು: ನವೆಂಬರಿನ ಚುನಾವಣೆಯಲ್ಲಿ ಮತಪತ್ರದ ಮೇಲೆ ಈ ಪ್ರಶ್ನೆಯೂ ಇರಲಿ. ಹೋಮು ನಡೆಸಲು ಆಸ್ತಿ ತೆರಿಗೆ ಹೆಚ್ಚಿಸಬಹುದೇ? ಹೌದು, ಅಥವಾ ಇಲ್ಲ. 'ಇಲ್ಲ' ಗೆದ್ದರೆ ಹೋಮು ಮಾರಾಟಕ್ಕೆ.

ಬೇಸಿಗೆಯೆಲ್ಲ ಆರ್ಡಿಸ್ ದಿನಸಿ ಅಂಗಡಿಯ ಮುಂದೆ ನಿಂತಳು, ಫೋನು ಮಾಡಿದಳು, ಒಪ್ಪಿದವರ ಅಂಗಳದಲ್ಲಿ ಫಲಕ ನೆಟ್ಟಳು. ಸಂಜೆ ಬಂದು ಡೆಲ್ಮರನಿಗೆ ಎಲ್ಲ ಹೇಳುವಳು. ಅವನು ಕಿಟಕಿ ಕಡೆ ನೋಡುತ್ತಾ ಕೇಳಿಸಿಕೊಳ್ಳುವನು. ಅವಳ ಎದೆಯೊಳಗೆ ಒಂದು ಮುಳ್ಳು ಆಡುತ್ತಲೇ ಇತ್ತು. ಡಿಸೆಂಬರಿನಲ್ಲಿ ತೆರಿಗೆಯ ಬಿಲ್ಲು ಬಂದಾಗಲೆಲ್ಲ ಅಡುಗೆಮನೆಯಲ್ಲಿ ನಿಂತು ಗಟ್ಟಿಯಾಗಿ ಓದಿ ಬೈಯುತ್ತಿದ್ದವನು ಇದೇ ಮನುಷ್ಯ. ಇವನೇ 'ಇಲ್ಲ' ಅಂತ ಹಾಕಿಬಿಟ್ಟರೆ?

"ನಿನ್ನ ಮನೆ ಕಣೋ ಇದು, ಡೆಲ್," ಅನ್ನುವಳು. "ಗೊತ್ತು ತಾನೆ, ಏನು ಹಾಕಬೇಕು ಅಂತ?"

ಡೆಲ್ಮರ್ ಹುಬ್ಬು ಅಲ್ಲಾಡಿಸುತ್ತಿರಲಿಲ್ಲ.

ಅಕ್ಟೋಬರ್ ಕೊನೆಯಲ್ಲಿ ಮತಗಟ್ಟೆಗೆ ಹೋಗಲಾಗದ ಹೋಮಿನವರ ಓಟನ್ನು ಮೊದಲೇ ಪಡೆಯಲು ಚುನಾವಣೆಯ ಕೆಲಸದವರಿಬ್ಬರು ಬಂದರು. ಒಂದೊಂದು ಪಕ್ಷದಿಂದ ಒಬ್ಬೊಬ್ಬರು, ಒಬ್ಬರನ್ನು ಬಿಟ್ಟು ಒಬ್ಬರು ಯಾವ ಕೋಣೆಗೂ ಹೋಗುವಂತಿಲ್ಲ. ಒಬ್ಬಳು ಚರ್ಚಿನ ಹಾಡಿನ ಮೇಳದ ಲವಾನ್, ಇನ್ನೊಬ್ಬ ಹಿಂದೆ ಹಾಲಿನ ಟ್ಯಾಂಕರ್ ಓಡಿಸುತ್ತಿದ್ದ ಕ್ಲೆಮ್. ಇಬ್ಬರೂ ವರ್ಷಗಳಿಂದ ಜೊತೆಯಾಗಿ ಈ ಕೆಲಸ ಮಾಡಿ ಮಾಡಿ ಗಂಡ ಹೆಂಡತಿಯ ಹಾಗೆ ಕಚ್ಚಾಡುತ್ತಿದ್ದರು.

"ಪೆನ್ನು ತಂದ್ಯಾ?"

"ತಂದಿದೀನಿ ಕಣಮ್ಮ. ಹೋದ ಸಲ ಮರೆತಿದ್ದು ನೀನು."

"ನಾನಾ? ದೇವರು ನೋಡ್ತಿರ್ತಾನೆ, ಕ್ಲೆಮ್."

ಡೆಲ್ಮರನ ಕೋಣೆಗೆ ಬರುವ ಹೊತ್ತಿಗೆ ಆರ್ಡಿಸ್ ಅವನ ತಲೆ ಬಾಚಿ, ಭಾನುವಾರದ ಅಂಗಿ ತೊಡಿಸಿ, ಗಾಲಿಕುರ್ಚಿಯನ್ನು ಮೇಜಿಗೆ ತಾಗಿಸಿ ನಿಲ್ಲಿಸಿದ್ದಳು. ಪಕ್ಕದಲ್ಲಿ ತನಗೂ ಒಂದು ಕುರ್ಚಿ. ಅವನ ಕೈ ಹಿಡಿದು ಗುರುತು ಹಾಕಿಸುವುದೆಂದು ಅವಳು ಮನಸ್ಸಿನಲ್ಲೇ ಗೊತ್ತು ಮಾಡಿಕೊಂಡಾಗಿತ್ತು. ಮೋಸವೆಂದು ಅವಳಿಗೆ ಅನ್ನಿಸಿರಲಿಲ್ಲ. ಚಮಚ ಹಿಡಿಸುವ ಹಾಗೆ ಇದೂ ಒಂದು.

ಲವಾನ್ ಮತಪತ್ರ ಬಿಡಿಸಿದಳು. "ಡೆಲ್ಮರ್, ನಿಮಗೆ ಸಹಾಯ ಬೇಕಾದ್ರೆ ನೀವು ಯಾರನ್ನ ಬೇಕಾದ್ರೂ ಕೇಳಬಹುದು. ಆರ್ಡಿಸ್ ಮಾಡಬಹುದು, ನಾವಾದ್ರೂ ಮಾಡಬಹುದು. ಆರ್ಡಿಸ್ ಮಾಡ್ಲಾ?"

ಡೆಲ್ಮರ್ ಬಾಯಿ ತೆರೆದ. ಬಹಳ ಕಷ್ಟಪಟ್ಟ.

"ಹೌದು," ಎಂದ.

"ಸರಿ ಹಾಗಾದ್ರೆ," ಅಂದ ಕ್ಲೆಮ್, ಪೆನ್ನನ್ನು ಆರ್ಡಿಸ್ ಕಡೆ ಚಾಚಿ.

ಆರ್ಡಿಸ್ ಕೈ ನೀಡಲಿಲ್ಲ. ಅವಳು ಗಂಡನ ಮುಖ ನೋಡಿದ್ದಳು. ಎಡ ಹುಬ್ಬು ಕೆಳಗಿಳಿದು ಗಂಟಿಕ್ಕಿತ್ತು. ಕಣ್ಣು ಕೆಂಪಗಾಗುತ್ತಿತ್ತು. ತಪ್ಪು ಪದ ಹೊರಬಿದ್ದಿತ್ತು, ಅದು ಅವನಿಗೆ ಗೊತ್ತಿತ್ತು, ಅವಳಿಗೆ ಗೊತ್ತಿತ್ತು. ಕೋಣೆಯಲ್ಲಿ ಬೇರೆ ಯಾರಿಗೂ ಗೊತ್ತಿರಲಿಲ್ಲ. ಕ್ಲೆಮ್ ಪೆನ್ನು ಹಿಡಿದುಕೊಂಡೇ ಇದ್ದ. ಮೇಜಿನ ಮೇಲಿನ ಕಾಗದದಲ್ಲಿ, ಕೊನೆಯ ಸಾಲಿನಲ್ಲಿ, ಯಾವುದಕ್ಕಾಗಿ ಅವಳು ಎಂಟು ತಿಂಗಳು ಬಾಗಿಲು ಬಾಗಿಲು ತಟ್ಟಿದ್ದಳೋ ಆ ಪ್ರಶ್ನೆ ಕಾಣುತ್ತಿತ್ತು. ಪೆನ್ನು ತೆಗೆದುಕೊಂಡರೆ ಕೇಳುವವರಿಲ್ಲ. ಡೆಲ್ಮರ್ ಅವಳನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವಳು ಏನು ಮಾಡುತ್ತಾಳೋ ಎಂಬ ಭಯವಿತ್ತು. ನಲವತ್ತು ವರ್ಷದಲ್ಲಿ ಅವನು ತನಗೆ ಹೆದರಿದ್ದನ್ನು ಅವಳು ಕಂಡಿರಲಿಲ್ಲ.

"ಅವನು ಬೇಡ ಅಂದ," ಎಂದಳು ಆರ್ಡಿಸ್.

"ಹೌದು ಅಂದರಲ್ಲ?" ಎಂದಳು ಲವಾನ್.

"ಬಾಯಿಗೆ ಪದ ಸರಿಯಾಗಿ ಬರಲ್ಲ. ಅವನು ಹೇಳಿದ್ದು ಬೇಡ ಅಂತ. ನನಗೆ ಗೊತ್ತು." ಅವಳು ಎದ್ದು ಕೈಚೀಲ ತೆಗೆದುಕೊಂಡಳು. "ಬಾಯಲ್ಲಿ ಏನೂ ಕೇಳಬೇಡಿ. ಪೆನ್ನು ಎಡಗೈಗೆ ಕೊಡಿ. ಕಾಗದ ಜಾರದ ಹಾಗೆ ಹಿಡ್ಕೊಂಡ್ರೆ ತಾನೇ ಹಾಕ್ತಾನೆ. ನಿಧಾನ ಆಗುತ್ತೆ."

ಹೊರಗೆ ಬಂದು ಬಾಗಿಲೆಳೆದುಕೊಂಡಳು. ಕಾರಿಡಾರಿನ ಗೋಡೆಗೊರಗಿ ನಿಂತಾಗ ಅಳು ಬಂತು. ಸರಿಯಾದದ್ದನ್ನೇ ಮಾಡಿದೆ ಅನ್ನಿಸಿದರೂ ಒಳಗಿನ ಉರಿ ಆರಲಿಲ್ಲ. ಗಡ್ಡಕ್ಕೆ ನಾನು ಬೇಕು, ಬಚ್ಚಲಿಗೆ ನಾನು ಬೇಕು, ಇದಕ್ಕೆ ಬೇಡವಾದೆನೇ? ಒಳಗಿನಿಂದ ಕ್ಲೆಮ್ ಏನೋ ಹೇಳಿದ್ದು, ಡೆಲ್ಮರ್ ನಕ್ಕದ್ದು ಕೇಳಿಸಿತು. ಲಕ್ವ ಹೊಡೆದ ಮೇಲೆ ಅವನು ಹಾಗೆ ನಕ್ಕಿದ್ದೇ ಇಲ್ಲ.

ಬಹಳ ಹೊತ್ತಿನ ಮೇಲೆ ಅವರು ಅಂಟಿಸಿದ ಲಕೋಟೆ ಹಿಡಿದು ಬಂದರು.

"ನಮಗೂ ಗೊತ್ತಿಲ್ಲಮ್ಮ," ಎಂದ ಕ್ಲೆಮ್, ಅವಳು ಕೇಳುವ ಮೊದಲೇ. "ನಾವು ಕಾಗದದ ಮೂಲೆ ಹಿಡ್ಕೊಂಡು ಗೋಡೆ ನೋಡ್ತಾ ಕೂತಿದ್ವಿ. ಬೆವರು ಸುರಿಸ್ಕೊಂಡು ಒಂದೊಂದೇ ಗುರುತು ತಾನೇ ಹಾಕಿದ."

ಆ ದಿನ ಆರ್ಡಿಸ್ ಮಧ್ಯಾಹ್ನದ ಊಟಕ್ಕೆ ನಿಲ್ಲದೆ ಮನೆಗೆ ಹೋದಳು. ಇಲ್ಲೇ ಇದ್ದರೆ ಏನಾದರೂ ಅಂದುಬಿಟ್ಟೇನೆಂಬ ಹೆದರಿಕೆ. ಮರುದಿನ ಹೋದಾಗ ಆರೈಕೆಯ ಕಾರ್ಲೀನ್ ಬಾಗಿಲಲ್ಲೇ ಸಿಕ್ಕಳು.

"ನಿನ್ನೆ ನಾನು ಚಮಚ ಹಿಡಿದ್ರೆ ಕೈ ತಳ್ಳಿಬಿಟ್ರು ನಿಮ್ಮೆಜಮಾನ್ರು. ಸೂಪು ತಾವೇ ಕುಡಿದ್ರು. ಅರ್ಧ ಹೊಟ್ಟೆಗೆ, ಅರ್ಧ ಅಂಗಿಗೆ. ಬಟ್ಟಲು ಮಾತ್ರ ಖಾಲಿ ಮಾಡಿದ್ರು ನೋಡಿ!"

ಒಳಗೆ ಡೆಲ್ಮರ್ ಎಡಗೈಯಿಂದ ಅಂಗಿಯ ಗುಂಡಿಯೊಡನೆ ಗುದ್ದಾಡುತ್ತಿದ್ದ. ಒಂದು ಗುಂಡಿ ತಪ್ಪು ಕಿಂಡಿಗೆ ಬಿದ್ದು ಕಾಲರು ಸೊಟ್ಟಗಾಗಿತ್ತು. ಆರ್ಡಿಸ್‌ಳ ಕೈ ತಾನಾಗಿ ಮುಂದೆ ಹೋಯಿತು. ಅವಳು ಅದನ್ನು ಹಿಂದಕ್ಕೆಳೆದುಕೊಂಡು ಮಂಚದ ತುದಿಯಲ್ಲಿ ಕೂತಳು. ಸುಮ್ಮನೆ ಕೂರುವುದು ಇಷ್ಟು ಕಷ್ಟವೆಂದು ಅವಳಿಗೆ ಗೊತ್ತಿರಲಿಲ್ಲ. ಗುಂಡಿಗಳೆಲ್ಲ ಮುಗಿದ ಮೇಲೆ ಅವನು ತಲೆಯೆತ್ತಿ ನೋಡಿದ.

"ಚೆನ್ನಾಗಿದೆ," ಎಂದಳು. "ಸೊಟ್ಟಗಿದೆ, ಆದ್ರೆ ಚೆನ್ನಾಗಿದೆ."

ಅವನು ಕೈ ಚಾಚಿದ. ಅವಳು ಹಿಡಿದುಕೊಂಡಳು.

ನವೆಂಬರಿನ ಎಣಿಕೆಯ ಸಂಜೆ ಸಭಾಭವನದಲ್ಲಿ ಕಾಫಿ ಇಟ್ಟಿದ್ದರು. ಊರೂರಿನ ಲೆಕ್ಕ ಬರುತ್ತಾ ಹೋಯಿತು. ಒಮ್ಮೆ ಈ ಕಡೆ ವಾಲಿತು, ಒಮ್ಮೆ ಆ ಕಡೆ. ಕೊನೆಗೆ 'ಹೌದು' ಗೆದ್ದಿತು. ದೊಡ್ಡ ಅಂತರವೇನಲ್ಲ, ಆದರೆ ಸಾಕಾಗುವಷ್ಟು. ಯಾರೋ ಆರ್ಡಿಸ್‌ಳನ್ನು ತಬ್ಬಿಕೊಂಡರು. ಹ್ಯಾರ್ಲಾನ್ ಕಾಫಿ ಲೋಟ ಹಿಡಿದು ಹತ್ತಿರ ಬಂದ.

"ನಾನು ಇಲ್ಲ ಅಂತಲೇ ಹಾಕಿದ್ದು. ತಿಳ್ಕೊ."

"ಗೊತ್ತು, ಹ್ಯಾರ್ಲಾನ್. ನೀನು ಅವತ್ತು ಎದ್ದು ಮಾತಾಡದೆ ಇದ್ದಿದ್ರೆ ಓಟೇ ಇರ್ತಿರಲಿಲ್ಲ."

"ಅದೇ ನಾನು ಮಾಡಿದ ತಪ್ಪು," ಎಂದು ಗೊಣಗಿದ. ಆದರೆ ಮುಖದಲ್ಲಿ ಅಷ್ಟೇನೂ ಬೇಸರವಿರಲಿಲ್ಲ.

ಬೆಳಗ್ಗೆ ಡೆಲ್ಮರನಿಗೆ ಸುದ್ದಿ ಹೇಳಿದಳು. "ಗೆದ್ವಿ ಕಣೋ. ನೀನು ಎಲ್ಲೂ ಹೋಗಬೇಕಾಗಿಲ್ಲ." ಅವನ ಕಣ್ಣು ತುಂಬಿತು. ಅವಳು ತಂದಿದ್ದ ಪೈ ಬಿಚ್ಚಿದಳು, ಚಮಚ ಅವನ ಕೈಗೆ ಕೊಟ್ಟಳು, ಹವೆಯ ಮಾತಾಡಿದಳು. ಅವನು ತಿನ್ನದೆ ಅವಳ ಮುಖವನ್ನೇ ನೋಡುತ್ತಿದ್ದ. ಏನನ್ನೋ ಕಾಯುತ್ತಿದ್ದ. ಕೊನೆಗೆ ಚಮಚದಿಂದ ಮೇಜನ್ನು ಕುಟ್ಟಿದ.

"ಏನೋ? ... ಓ, ಅದಾ?" ಆರ್ಡಿಸ್‌ಗೆ ನಗು ಬಂತು. "ಸರಿ, ಕೇಳ್ತೀನಿ. ಯಾವುದಕ್ಕೆ ಹಾಕ್ದೆ?"

ಡೆಲ್ಮರ್ ತುಟಿ ಬಿಗಿಯಾಗಿ ಮುಚ್ಚಿ, ಎಡ ಹುಬ್ಬನ್ನು ಹಣೆಯವರೆಗೆ ಏರಿಸಿ, ಪೈಗೆ ಚಮಚ ಹಾಕಿದ.

ಡಿಸೆಂಬರ್ ಮೊದಲ ವಾರ ಲವಾನ್ ಆರ್ಡಿಸ್‌ಳ ಮನೆಗೆ ಬಂದಳು. ಅವರ ಭಾಗದ ಮಂಡಳಿ ಸದಸ್ಯ ಏಪ್ರಿಲಿಗೆ ಸ್ಥಾನ ಬಿಡುತ್ತಿದ್ದಾನೆ, ಯಾರಾದರೂ ನಿಲ್ಲಬೇಕು. ಮಂಡಳಿಯ ಚುನಾವಣೆಗೆ ಪಕ್ಷದ ಹಂಗಿಲ್ಲ, ಇಲ್ಲಿನ ಮತದಾರರ ರುಜು ಸಾಕಷ್ಟು ಸಿಕ್ಕಿದರೆ ಹೆಸರು ಮತಪತ್ರಕ್ಕೆ ಬರುತ್ತದೆ.

"ನನಗೇನು ತಲೆ ಕೆಟ್ಟಿದ್ಯಾ?" ಎಂದಳು ಆರ್ಡಿಸ್. "ಮೂರು ನಿಮಿಷ ಮಾತಾಡೋಕೆ ಆಗದೆ ಗೂಟದ ಹಾಗೆ ನಿಂತಿದ್ದವಳು ನಾನು. ಊರೆಲ್ಲ ನೋಡಿದೆ."

"ಊರೆಲ್ಲ ನೋಡಿದ್ರಿಂದಲೇ ಕೇಳ್ತಿರೋದು ಕಣೇ. ಓಡಿಹೋಗಲಿಲ್ವಲ್ಲ ನೀನು. ಮಾತಾಡೋರು ಅಲ್ಲಿ ಬೇಕಾದಷ್ಟು ಜನ ಇದಾರೆ." ಕಾಗದ ಮೇಜಿನ ಮೇಲಿಟ್ಟು ಹೋದಳು.

ಮರುದಿನ ಆರ್ಡಿಸ್ ಅದನ್ನು ಹೋಮಿಗೆ ಒಯ್ದಳು, ಡೆಲ್ಮರ್ ನಗಲಿ ಎಂದು. "ನೋಡೋ, ನನ್ನನ್ನ ಮಂಡಳಿಗೆ ನಿಲ್ಲು ಅಂತಾರೆ," ಎಂದು ಅವನ ಮುಂದೆ ಹಿಡಿದಳು. ಮೇಲೆ ಅವಳ ಹೆಸರು ಅಚ್ಚಾಗಿತ್ತು, ಕೆಳಗೆ ಖಾಲಿ ಗೆರೆಗಳು.

ಡೆಲ್ಮರ್ ನಗಲಿಲ್ಲ. ಓದಿದ. ಕಾಗದವನ್ನು ಎಡಗೈಯಿಂದ ಮೇಜಿನ ಮೇಲೆ ಸವರಿ ನೇರ ಮಾಡಿದ. ಅವಳ ಕೈಚೀಲದ ಕಡೆ ಬೆರಳು ತೋರಿದ. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಪೆನ್ನು ಹುಡುಕಲು ಬಹಳ ಹೊತ್ತು ಹಿಡಿಯಿತು.

"ಡೆಲ್, ಇದು ಗುಟ್ಟಿನದಲ್ಲ ಕಣೋ," ಎಂದಳು ಮೆಲ್ಲಗೆ. "ರುಜು ಹಾಕಿದ್ರೆ ಎಲ್ಲರೂ ನೋಡ್ತಾರೆ. ಯಾರು ಬೇಕಾದ್ರೂ ಕೇಳಿ ತೆಗೆಸಿ ಓದಬಹುದು."

"ಇಲ್ಲ," ಎಂದ ಡೆಲ್ಮರ್. ಹುಬ್ಬು ಮೇಲೇರಿತ್ತು. ಅದು ಹೌದು.

ಅವನು ಬರೆಯುವಾಗ ಅವಳು ಕಾಗದದ ಮೂಲೆ ಹಿಡಿದುಕೊಂಡಳು. ಅಕ್ಷರಗಳು ಒಂದರ ಮೇಲೊಂದು ಬಿದ್ದು, ಗೆರೆ ದಾಟಿ, ಕೆಳಗಿನ ಗೆರೆಯನ್ನೂ ತಿಂದು, ಕಾಗದದ ಅಂಚಿನವರೆಗೆ ಹರಿದವು. ಕೊನೆಯ ಅಕ್ಷರ ಮುಗಿಸಿ ಅವನು ಪೆನ್ನು ಕೆಳಗಿಟ್ಟ. ಬೆವೆತಿದ್ದ. ಅವಳು ಪಕ್ಕದಲ್ಲಿ ತನ್ನ ಕೈಯಿಂದ ಮನೆಯ ವಿಳಾಸ ಬರೆದಳು. ಬರೆಯುವಾಗ ಕಾಗದ ಮಂಜಾಗಿ ಕಂಡದ್ದರಿಂದ ಎರಡು ಸಲ ನಿಲ್ಲಿಸಬೇಕಾಯಿತು.

ಆ ಮಧ್ಯಾಹ್ನವೇ ಹಿಮ ಬೀಳುತ್ತಿದ್ದರೂ ಅವಳು ಹೊರಟಳು. ಮೊದಲು ತಟ್ಟಿದ್ದು ಹ್ಯಾರ್ಲಾನ್‌ನ ಬಾಗಿಲು. ಈ ಸಲ ಅವನು ಪೂರ್ತಿ ತೆರೆದ. ಕನ್ನಡಕ ಮೂಗಿನ ತುದಿಗಿಳಿಸಿ ಕಾಗದ ನೋಡಿದ.

"ಇದೇನಿದು, ಮೇಲೆ ಕೋಳಿ ಕೆದಕಿದ ಹಾಗಿದೆ?"

"ಡೆಲ್ಮರ್."

ಹ್ಯಾರ್ಲಾನ್ ಮತ್ತೆ ನೋಡಿದ. ಪೆನ್ನು ತೆಗೆದುಕೊಂಡು, ಆ ದೊಡ್ಡ ರುಜುವಿಗೆ ತಾಗದ ಹಾಗೆ ಮೂರನೆಯ ಗೆರೆಯಲ್ಲಿ ಚಿಕ್ಕದಾಗಿ ತನ್ನ ಹೆಸರು ಬರೆದ.

"ನಿನಗೇ ಓಟು ಹಾಕ್ತೀನಿ ಅಂತ ಅಲ್ಲ," ಎಂದ.

"ನಾನು ಕೇಳಲೇ ಇಲ್ವಲ್ಲ," ಎಂದಳು ಆರ್ಡಿಸ್, ಕಾಗದವನ್ನು ಕೋಟಿನೊಳಗೆ ಸೇರಿಸಿಕೊಂಡು. ಮೆಟ್ಟಿಲಿಳಿದು ಪಕ್ಕದ ಮನೆಯ ಕಡೆ ನಡೆದಳು.